ಕಗ್ಗ ಭತ್ತಕ್ಕೆ ಉಪ್ಪು ಬೇಕೇ?

ಪ್ರಶ್ನೆ: ನಮ್ಮ ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಉಪ್ಪುನೀರಿಗೆ ಜಗ್ಗುವುದಿಲ್ಲ. ಅದೇ ನೀರು ನುಗ್ಗಿದರೆ ಬೇರೆ ತಳಿಗಳು ಕರಟಿ ಹೋಗುತ್ತವೆ. ಉಪ್ಪಿನಿಂದ ಚುರುಕಾಗುವ ಕಿಣ್ವಗಳು ಸಸ್ಯಗಳಲ್ಲಿವೆ ಎಂದು ಓದಿದ್ದೇನೆ. ಕಗ್ಗದ ಗುಟ್ಟು ಅದೇ ಇರಬಹುದೇ?

ಉತ್ತರ: ಅಂಥ ಕಿಣ್ವಗಳು ಇರುವುದು ನಿಜ. ಆದರೆ ಕಗ್ಗದಲ್ಲಷ್ಟೇ ಅಲ್ಲ, ನಿಮ್ಮ ಹಿತ್ತಲಿನ ಬಸಳೆಯಲ್ಲೂ ಇವೆ. ಅವು ಬಯಸುವುದು ಪೊಟ್ಯಾಸಿಯಂ ಲವಣವನ್ನು, ಸಮುದ್ರದ ಸೋಡಿಯಂ ಅನ್ನಲ್ಲ. ಪೊಟ್ಯಾಸಿಯಂ ಅಯಾನು ಬಂದು ಕೂತರೆ ಮಾತ್ರ ಸರಿಯಾಗಿ ಕೆಲಸ ಮಾಡುವ ಕಿಣ್ವಗಳು 50ಕ್ಕೂ ಹೆಚ್ಚು. ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವಲ್ಲಿ ಪಾಲುಗೊಳ್ಳುವ ಪೈರುವೇಟ್ ಕೈನೇಸ್ ಅವುಗಳಲ್ಲೊಂದು. ಸೋಡಿಯಂ ಅಯಾನಿನ ವಿದ್ಯುದಂಶವೂ ಅಷ್ಟೇ ಆದ್ದರಿಂದ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಗಾತ್ರ ಬೇರೆಯಾದ್ದರಿಂದ ಕೆಲಸ ಮಾತ್ರ ಸಾಗುವುದಿಲ್ಲ. ಸಮುದ್ರದ ನೀರಿನಲ್ಲಿ ಸೋಡಿಯಂ ಅಯಾನುಗಳು ಪೊಟ್ಯಾಸಿಯಂ ಅಯಾನುಗಳ ಸುಮಾರು 45 ಪಟ್ಟು ಇರುತ್ತವೆ. ತೊಂದರೆಯ ಮೂಲ ಅಲ್ಲಿದೆ.

ಉಪ್ಪುನೆಲದ ಗಿಡಗಳ ಕಿಣ್ವಗಳೇ ಗಟ್ಟಿಯೇನೋ ಎಂಬ ನಿಮ್ಮ ಅನುಮಾನ ವಿಜ್ಞಾನಿಗಳಿಗೂ ಇತ್ತು. 1972ರಲ್ಲಿ ಗ್ರೀನ್‌ವೇ ಮತ್ತು ಆಸ್ಮಂಡ್ ಅದನ್ನು ಪರೀಕ್ಷೆಗೆ ಒಡ್ಡಿದರು. ಉಪ್ಪು ತಾಳದ ಹುರುಳಿಕಾಯಿ ಗಿಡ ಒಂದು ಕಡೆ, ಉಪ್ಪಿನಲ್ಲೇ ಬೆಳೆಯುವ ಅಟ್ರಿಪ್ಲೆಕ್ಸ್ ಮತ್ತು ಸಾಲಿಕೋರ್ನಿಯಾ ಇನ್ನೊಂದು ಕಡೆ. ಕಿಣ್ವಗಳನ್ನು ಗಿಡದಿಂದ ಹೊರತೆಗೆದು ಉಪ್ಪು ಬೆರೆಸಿ ನೋಡಿದಾಗ ಎರಡೂ ಕಡೆಯವು ಹೆಚ್ಚುಕಡಿಮೆ ಒಂದೇ ರೀತಿ ಸೋತವು. ಅಂದರೆ ಉಪ್ಪುನೆಲದ ಗಿಡ ಬದುಕುವುದು ಕಿಣ್ವಗಳನ್ನು ಉಪ್ಪಿಗೆ ಒಗ್ಗಿಸಿಕೊಂಡಲ್ಲ, ಉಪ್ಪು ಅವುಗಳ ಹತ್ತಿರ ಸುಳಿಯದಂತೆ ನೋಡಿಕೊಂಡು.

ಆ ಕಾವಲು ಇರುವುದು ಕೋಶದ ಪೊರೆಯಲ್ಲಿ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರವನ್ನು ಅರೆದು, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದಾಗ ಕೋಶದ ಇಂಧನವಾದ ಎಟಿಪಿಯನ್ನು ಚುರುಕಾಗಿ ಒಡೆಯುವ ಕಿಣ್ವವನ್ನು ಗುರುತಿಸಿದರು. ಸೋಡಿಯಂ ಅನ್ನು ಹೊರದೂಡಿ ಪೊಟ್ಯಾಸಿಯಂ ಅನ್ನು ಒಳಗೆಳೆಯುವ ಪಂಪು ಅದು. 1997ರಲ್ಲಿ ಅವರಿಗೆ ನೊಬೆಲ್ ಬಂತು. ಸಸ್ಯಗಳಲ್ಲೂ ಅಂಥದ್ದು ಸಿಕ್ಕೀತೆಂದು ಹುಡುಕಾಟ ನಡೆಯಿತು. 1970ರ ಸುಮಾರಿಗೆ ಹಾಡ್ಜಸ್ ಮತ್ತು ಸಂಗಡಿಗರು ಓಟ್ಸ್, ಬಾರ್ಲಿ, ಗೋಧಿ, ಮೆಕ್ಕೆಜೋಳದ ಬೇರುಗಳ ಪೊರೆಯಲ್ಲಿ ಪೊಟ್ಯಾಸಿಯಂನಿಂದ ಚುರುಕಾಗುವ ಎಟಿಪಿ ಒಡೆಯುವ ಕಿಣ್ವವನ್ನು ಅಳೆದರು. ನೀವು ಓದಿದ್ದು ಬಹುಶಃ ಇಂಥ ಕಿಣ್ವದ ಬಗ್ಗೆ. ಆದರೆ ಅದು ಏಡಿಯ ಪಂಪಲ್ಲ. ಭತ್ತದಂಥ ಹೂಬಿಡುವ ಗಿಡಗಳಲ್ಲಿ ಏಡಿಯ ಪಂಪು ಇಲ್ಲ. ಬೇರಿನ ಈ ಕಿಣ್ವ ದೂಡುವುದು ಪ್ರೋಟಾನುಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು.

ಪ್ರೋಟಾನುಗಳು ಹೊರಹೋದಷ್ಟೂ ಕೋಶದ ಒಳಭಾಗ ಋಣ ವಿದ್ಯುತ್ತಿನ ಕಡೆಗೆ ವಾಲುತ್ತದೆ. ನೂರು ಮಿಲಿವೋಲ್ಟಿಗೂ ಮೀರಿ. ಈ ಸೆಳೆತಕ್ಕೆ ಪೊಟ್ಯಾಸಿಯಂ ಒಳಬರುತ್ತದೆ, ಜೊತೆಗೆ ಬೇಡದ ಸೋಡಿಯಂ ಕೂಡ ನುಸುಳುತ್ತದೆ. ಅದನ್ನು ಆಚೆ ಹಾಕಲಿಕ್ಕೂ ಪ್ರೋಟಾನುಗಳೇ ಬೇಕು. ಲಿಂಗನಮಕ್ಕಿಯಲ್ಲಿ ತಡೆದ ನೀರು ಇಳಿಯುವಾಗ ಟರ್ಬೈನು ತಿರುಗಿಸುವಂತೆ, ಹೊರಗೆ ಕೂಡಿದ ಪ್ರೋಟಾನು ಮರಳಿ ಒಳಗಿಳಿಯುವಾಗ ಒಂದು ಸೋಡಿಯಂ ಅಯಾನನ್ನು ಆಚೆ ನೂಕುತ್ತದೆ. ಈ ಕೆಲಸ ಮಾಡುವ ಪ್ರೋಟೀನಿಗೆ ಎಸ್‌ಒಎಸ್1 ಎಂದು ಹೆಸರು. ಉಪ್ಪು ಹೆಚ್ಚಿದಾಗ ಕೋಶದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಅದನ್ನು ಎಸ್‌ಒಎಸ್3 ಗ್ರಹಿಸುತ್ತದೆ, ಎಸ್‌ಒಎಸ್2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅದು ಎಸ್‌ಒಎಸ್1ಕ್ಕೆ ಚಾಲನೆ ಕೊಡುತ್ತದೆ. ಉಪ್ಪಿನಿಂದ ಚುರುಕಾಗುವ ಕಿಣ್ವ ಎಂಬ ಮಾತು ನಿಜವಾಗಿ ಒಪ್ಪುವುದು ಈ ಎಸ್‌ಒಎಸ್2ಕ್ಕೆ.

ಹೊರದೂಡಿಯೂ ಉಳಿದ ಸೋಡಿಯಂ ಅನ್ನು ಎನ್‌ಎಚ್‌ಎಕ್ಸ್ ಪ್ರೋಟೀನುಗಳು ಕೋಶದ ನಡುವಿನ ರಸಧಾನಿಯೊಳಗೆ ಕೂಡಿಹಾಕುತ್ತವೆ. ಅಲ್ಲಿ ಅದು ಕಿಣ್ವಗಳಿಗೆ ತಗಲುವುದಿಲ್ಲ, ನೀರು ಹಿಡಿದಿಡಲು ನೆರವೂ ಆಗುತ್ತದೆ. ಭತ್ತದಲ್ಲಿ ಇನ್ನೂ ಒಂದು ತಡೆಯಿದೆ. ಬಂಗಾಳದ ನೋನಾ ಬೊಕ್ರಾ ಎಂಬ ಉಪ್ಪು ತಾಳುವ ತಳಿಯಲ್ಲಿ 2005ರಲ್ಲಿ ಗುರುತಿಸಿದ ಜೀನು, ಎಲೆಗೆ ಏರುವ ರಸದಿಂದ ಸೋಡಿಯಂ ಅನ್ನು ಬೇರಿನ ಮಟ್ಟದಲ್ಲೇ ಹಿಂದಕ್ಕೆಳೆಯುವ ಪ್ರೋಟೀನಿನದು. ಅಘನಾಶಿನಿಯ ಕಾಂಡ್ಲಾ ಗಿಡಗಳಲ್ಲಿ ಅವಿಸೆನ್ನಿಯಾದ ದಾರಿ ಬೇರೆ: ಎಲೆಯ ಮೇಲಿನ ಗ್ರಂಥಿಗಳಿಂದ ಉಪ್ಪನ್ನು ಹೊರಹಾಕುತ್ತದೆ. ಬಿಸಿಲೇರಿದಾಗ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪುಪ್ಪಾಗಿರುತ್ತದೆ.

ಇಷ್ಟೆಲ್ಲ ದೂಡಾಟಕ್ಕೂ ಎಟಿಪಿ ಖರ್ಚಾಗುತ್ತದೆ. ತೆನೆಗೆ ಹೋಗಬೇಕಾದ ಶಕ್ತಿಯಲ್ಲೇ ಒಂದು ಪಾಲು ಅದಕ್ಕೆ ಹೋಗುತ್ತದೆ. ಸಾಲಿಕೋರ್ನಿಯಾದಂಥ ಗಿಡಗಳು ಅಷ್ಟಿಷ್ಟು ಉಪ್ಪಿದ್ದರೇ ಚೆನ್ನಾಗಿ ಬೆಳೆಯುತ್ತವೆ, ಭತ್ತ ಹಾಗಲ್ಲ. ಕಗ್ಗವೂ ಉಪ್ಪನ್ನು ಸಹಿಸುತ್ತದೆಯೇ ಹೊರತು ಬಯಸುವುದಿಲ್ಲ. ಭತ್ತ ಉಪ್ಪಿಗೆ ಬೇಗ ಸೋಲುವುದು ಎಳೆಸಸಿಯಾಗಿದ್ದಾಗ ಮತ್ತು ಹೂವಾಗುವ ಹೊತ್ತಿಗೆ. ಆದ್ದರಿಂದ ಮಳೆ ಗಜನಿಯ ಉಪ್ಪನ್ನು ತೊಳೆದ ಮೇಲೆ ಬಿತ್ತುವ ನಿಮ್ಮ ಕಡೆಯ ಹಳೆಯ ಪದ್ಧತಿಯನ್ನು, ಕೈಯಲ್ಲಿರುವುದು ಕಗ್ಗವೇ ಆದರೂ, ಬಿಡಬೇಡಿ.