ಹಗಲಿನ ಗಂಟೆಗೆ ಎಷ್ಟು ರೂಪಾಯಿ?

ಹನ್ನೆರಡು ತುಂಬಿದ ಮಕ್ಕಳನ್ನು ಯುರೋಪ್ ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತದೆ. ವೀಸಾ ಕಚೇರಿಯಲ್ಲಿ ಅವರು ದೊಡ್ಡವರು. 2024ರ ಜೂನ್‌ನಿಂದ ಷೆಂಗೆನ್ ವೀಸಾ ಶುಲ್ಕ 90 ಯುರೋ ಆಗಿದೆ, ಅರ್ಧ ಶುಲ್ಕ ಆರರಿಂದ ಹನ್ನೊಂದು ವರ್ಷದವರಿಗೆ ಮಾತ್ರ. ವಿಮಾನದಲ್ಲೂ ಹನ್ನೆರಡಕ್ಕೆ ಪೂರ್ತಿ ದರ. ಆದರೆ ಅಲ್ಲಿ ಇಳಿದ ಮೇಲೆ ಅದೇ ಹುಡುಗ, ಅದೇ ಹುಡುಗಿ ಹದಿನೆಂಟು ತುಂಬುವವರೆಗೂ ಮಕ್ಕಳೇ. ಪ್ಯಾರಿಸ್‌ನ ಲೂವ್ರ್, ವರ್ಸೈ ಅರಮನೆ, ರೋಮ್‌ನ ಕೊಲೋಸಿಯಂ, ಫ್ಲಾರೆನ್ಸ್‌ನ ಉಫಿಝಿ, ಮ್ಯಾಡ್ರಿಡ್‌ನ ಪ್ರಾಡೊ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ, ಇಲ್ಲೆಲ್ಲ ಹದಿನೆಂಟರೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದೆಂದು ಯಾರೂ ನೋಡುವುದಿಲ್ಲ. ಲೂವ್ರ್ 2026ರ ಜನವರಿಯಿಂದ ಯುರೋಪಿನ ಆಚೆಯಿಂದ ಬರುವ ದೊಡ್ಡವರಿಗೆ 32 ಯುರೋ ಮಾಡಿದಾಗಲೂ ಮಕ್ಕಳ ಉಚಿತ ಪ್ರವೇಶವನ್ನು ಮುಟ್ಟಲಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಅಪ್ಪನೋ ಅಮ್ಮನೋ ಸ್ವಿಸ್ ಟ್ರಾವೆಲ್ ಪಾಸ್ ಕೊಂಡರೆ, ಹದಿನಾರು ತುಂಬದ ಮಗುವಿಗೆ ಅದೇ ರೈಲು, ಅದೇ ದೋಣಿ ಪುಕ್ಕಟೆ. ಯುರೇಲ್ ಪಾಸ್‌ನಲ್ಲಿ ಹನ್ನೆರಡರಿಂದ ಇಪ್ಪತ್ತೇಳರವರೆಗೆ ಯುವಜನರ ದರ. ಹದಿಹರೆಯದವರನ್ನು ಕರೆದುಕೊಂಡು ಹೋಗುವ ಕುಟುಂಬಕ್ಕೆ ಯುರೋಪ್ ಕೊಡುವ ದೊಡ್ಡ ರಿಯಾಯಿತಿ ಇದೇ. ಬಸ್ಸಿನಲ್ಲಿ ಸುತ್ತಿಸುವ ಗುಂಪು ಪ್ಯಾಕೇಜ್‌ಗಳು ಸಾಮಾನ್ಯವಾಗಿ ಹನ್ನೆರಡು ದಾಟಿದವರಿಗೆಲ್ಲ ದೊಡ್ಡವರ ದರವನ್ನೇ ಹಾಕುವುದರಿಂದ ಈ ರಿಯಾಯಿತಿ ನಿಮ್ಮ ಕೈಗೆ ಬರುವುದೇ ಇಲ್ಲ.

ಪ್ಯಾಕೇಜ್‌ನ ಇನ್ನೊಂದು ನಷ್ಟ ಹಗಲಿನ ಲೆಕ್ಕದಲ್ಲಿದೆ. ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆ, ಭದ್ರಾವತಿಯ ನ್ಯೂಟೌನ್, ಎಲ್ಲಿನ ಟ್ರಾವೆಲ್ ಏಜೆಂಟರನ್ನು ವಿಚಾರಿಸಿದರೂ ಚಳಿಗಾಲದ ಯುರೋಪ್ ಎಂದರೆ ಮೊದಲು ಬರುವ ಮಾತು, ಬೇಸಿಗೆಗಿಂತ ಅಗ್ಗ. ತಲೆಗೆ ಇಷ್ಟು ಎಂದು ನೋಡಿದರೆ ಅದು ನಿಜವಿರಬಹುದು. ಆದರೆ ಪ್ರವಾಸದಲ್ಲಿ ನಾವು ಕೊಳ್ಳುವುದು ರಾತ್ರಿಗಳನ್ನಲ್ಲ, ಕಣ್ಣಿಗೆ ಕಾಣುವ ಹೊತ್ತನ್ನು. ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ, ಮುಳುಗುವುದು ಸಂಜೆ ಐದರೊಳಗೆ. ಹಗಲು ಎಂಟು ಗಂಟೆಯ ಮೇಲೆ ಸ್ವಲ್ಪ, ಅಷ್ಟೇ. ಜೂನ್‌ನಲ್ಲಿ ಅದೇ ಊರಿನಲ್ಲಿ ಹದಿನಾರು ಗಂಟೆ. ನಮ್ಮ ಮಲೆನಾಡಿನಲ್ಲಿ ಎರಡು ಋತುವಿನ ಹಗಲಿಗೆ ಒಂದೂಮುಕ್ಕಾಲು ಗಂಟೆಯಷ್ಟು ವ್ಯತ್ಯಾಸ ಬಂದರೆ ಹೆಚ್ಚು. ಆದ್ದರಿಂದ ಇಲ್ಲಿ ಕುಳಿತು ಯೋಜನೆ ಹಾಕುವವರಿಗೆ ಈ ಅಂಶ ಹೊಳೆಯುವುದಿಲ್ಲ. ಹೊಳೆಯಲೇಬೇಕು, ಏಕೆಂದರೆ ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

ಒಂದು ಉದಾಹರಣೆ ಹಿಡಿಯೋಣ. ಅಪ್ಪ, ಅಮ್ಮ, ಹದಿನಾಲ್ಕರ ಮಗಳು, ತಲೆಗೆ 2.4 ಲಕ್ಷದಂತೆ 7.2 ಲಕ್ಷ ರೂಪಾಯಿ. ಹನ್ನೆರಡು ದಿನದ ಪ್ಯಾಕೇಜ್‌ನಲ್ಲಿ ಮೊದಲ ಮತ್ತು ಕೊನೆಯ ದಿನ ವಿಮಾನಕ್ಕೆ ಹೋದರೆ ಉಳಿಯುವುದು ಹತ್ತು ದಿನ, ಎಂಬತ್ತು ಹಗಲು ಗಂಟೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಜ್ಯೂರಿಕ್, ಇನ್ಸ್‌ಬ್ರುಕ್, ವೆನಿಸ್, ಫ್ಲಾರೆನ್ಸ್, ರೋಮ್ ಎಂಬ ಮಾಮೂಲಿ ಸರಪಳಿಯ ರಸ್ತೆ ಉದ್ದ ಸುಮಾರು 2,500 ಕಿಲೋಮೀಟರ್. ಬಸ್ಸು ನಿಲುಗಡೆ ಸೇರಿ ಗಂಟೆಗೆ 70 ಕಿಲೋಮೀಟರ್ ಎಂದರೆ 36 ಗಂಟೆ. ಚಾಲಕ ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ವಿಶ್ರಾಂತಿ ಪಡೆಯಲೇಬೇಕೆಂಬುದು ಅಲ್ಲಿನ ಕಾನೂನು, ಅದನ್ನು ಯಾವ ಟೂರ್ ಮ್ಯಾನೇಜರ್ ಕೂಡ ಮೀರಲಾರ. ಎಂಬತ್ತರಲ್ಲಿ 36 ಕಳೆದರೆ 44. ಏಳು ಲಕ್ಷದ ಇಪ್ಪತ್ತು ಸಾವಿರವನ್ನು 44ರಿಂದ ಭಾಗಿಸಿದರೆ ಗಂಟೆಗೆ 16,364 ರೂಪಾಯಿ. ಓಡಾಟವೆಲ್ಲ ಹಗಲಲ್ಲೇ ಇರುವುದಿಲ್ಲ ಎನ್ನುತ್ತೀರಾ? ಒಪ್ಪೋಣ. ಹತ್ತು ಗಂಟೆಯ ದಾರಿ ಕತ್ತಲಲ್ಲೇ ಸಾಗಿತು ಎನ್ನೋಣ. ಆಗಲೂ 54 ಗಂಟೆ, ಗಂಟೆಗೆ 13,333. ಇದೇ ಮಾರ್ಗವನ್ನು ಜೂನ್‌ನಲ್ಲಿ ಒಂಬತ್ತು ಲಕ್ಷಕ್ಕೆ ಮಾರಿದರು ಎಂದಿಟ್ಟುಕೊಳ್ಳಿ. ಉತ್ತರದಿಂದ ದಕ್ಷಿಣದವರೆಗೆ ಕಡಿಮೆಯೆಂದರೂ ಹದಿನೈದು ಗಂಟೆಯ ಹಗಲು, ಹತ್ತು ದಿನಕ್ಕೆ 150, ಬಸ್ಸಿನ 36 ಕಳೆದು 114, ಗಂಟೆಗೆ 7,895 ರೂಪಾಯಿ. ಶೇಕಡ ಇಪ್ಪತ್ತು ಅಗ್ಗವೆಂದು ಕೊಂಡ ಚಳಿಗಾಲ ಗಂಟೆಯ ಲೆಕ್ಕದಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ದುಬಾರಿಯಾಯಿತು. ಈಗ ಅದೇ 7.2 ಲಕ್ಷವನ್ನು, ಒಂದು ರೂಪಾಯಿಯನ್ನೂ ಉಳಿಸದೆ, ರೋಮ್ ಮತ್ತು ಫ್ಲಾರೆನ್ಸ್ ಎಂಬ ಎರಡೇ ಊರಿಗೆ ಹಾಕಿ. ಡಿಸೆಂಬರ್‌ನಲ್ಲೂ ರೋಮ್‌ನ ಹಗಲು ಒಂಬತ್ತು ಗಂಟೆ. ಹತ್ತು ದಿನಕ್ಕೆ ತೊಂಬತ್ತು. ಎರಡೂ ಊರಿನ ನಡುವಿನ ವೇಗದ ರೈಲು ಒಂದೂವರೆ ಗಂಟೆಯದು, ನಿಲ್ದಾಣಕ್ಕೆ ಹೋಗಿಬರುವ ಹೊತ್ತೂ ಸೇರಿ ಮೂರು ಗಂಟೆ ಕಳೆಯಿರಿ. ಉಳಿದದ್ದು 87 ಗಂಟೆ, ಗಂಟೆಗೆ 8,276 ರೂಪಾಯಿ. ಬೇಸಿಗೆಯ ದರದ ಹತ್ತಿರಕ್ಕೆ ಬಂದು ನಿಂತಿರಿ. ನಿಮ್ಮ ಕೈಗೆ ಬಂದ ಕೊಟೇಶನ್‌ನ ಅಂಕಿಗಳನ್ನು ಹಾಕಿ ಈ ಭಾಗಾಕಾರವನ್ನು ನೀವೇ ಮಾಡಿ ನೋಡಿ. ಅಂಕಿ ಬದಲಾದೀತು, ಯಾವುದು ದುಬಾರಿ ಎಂಬುದು ಬದಲಾಗದು.

ಚಳಿಗಾಲದ ಯುರೋಪಿನ ಸೊಗಸು ಇರುವುದೇ ಸಂಜೆಯ ದೀಪಗಳಲ್ಲಿ, ಹಗಲನ್ನು ಮಾತ್ರ ಎಣಿಸುವುದು ಸರಿಯೇ ಎಂದು ಕೇಳಬಹುದು. ಸರಿಯಾದ ಆಕ್ಷೇಪ. ಆದರೆ ಆ ಸಂಜೆಗಳು ಸಿಗುವುದು ಊರ ನಡುವೆ ಉಳಿದವರಿಗೆ. ಪ್ಯಾಕೇಜ್‌ನ ಹೋಟೆಲ್ ಬಹುಪಾಲು ಹೆದ್ದಾರಿಯ ಪಕ್ಕ, ಊರಿನ ಅಂಚಿನಲ್ಲಿ. ಆರು ಗಂಟೆಗೆ ಇಂಡಿಯನ್ ಊಟ ಮುಗಿಸಿ ಬಸ್ಸು ಹತ್ತಿದರೆ ಮುಗಿಯಿತು. ಇನ್ನೊಂದು ಮಾತು. ಕ್ರಿಸ್‌ಮಸ್ ಸಂತೆಗಳನ್ನು ನೋಡಬೇಕೆಂದು ಡಿಸೆಂಬರ್ 24ಕ್ಕೆ ಹೊರಡುವವರಿದ್ದಾರೆ. ಜರ್ಮನಿಯ ಹೆಚ್ಚಿನ ಸಂತೆಗಳು ನವೆಂಬರ್ ಕೊನೆಯ ವಾರ ತೆರೆದು ಡಿಸೆಂಬರ್ 23, 24ಕ್ಕೆ ಮುಚ್ಚುತ್ತವೆ. ಲೂವ್ರ್ ಡಿಸೆಂಬರ್ 25 ಮತ್ತು ಜನವರಿ 1ರಂದು ಬಾಗಿಲು ತೆರೆಯುವುದಿಲ್ಲ. ಹೆಚ್ಚಿನ ವಿಮಾನ ದರ ಕೊಟ್ಟು, ಮುಚ್ಚಿದ ಬಾಗಿಲುಗಳ ವಾರವನ್ನೇ ಕೊಂಡಂತಾಗುತ್ತದೆ. ಊಟದ ಚಿಂತೆ ನಿಜವಾದದ್ದು, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಇಟಲಿ ಸಸ್ಯಾಹಾರಿಗಳಿಗೆ ಕಷ್ಟದ ದೇಶವಲ್ಲ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಅನ್ನ, ಸಾರು ಮಾಡಿಕೊಳ್ಳುವುದಕ್ಕೆ ಏನೂ ಅಡ್ಡಿಯಿಲ್ಲ. ಭಾಷೆಯ ಭಯಕ್ಕಂತೂ ಮಗಳೇ ಉತ್ತರ. ಫೋನಿನಲ್ಲಿ ರೈಲಿನ ಪ್ಲಾಟ್‌ಫಾರ್ಮ್ ಹುಡುಕುವ ಕೆಲಸ ಒಪ್ಪಿಸಿದರೆ ಹದಿನಾಲ್ಕರ ಮಕ್ಕಳು ನಮಗಿಂತ ಚುರುಕಾಗಿ ಮಾಡುತ್ತಾರೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂರುವ ಮಗುವಿಗೂ ಪ್ರವಾಸದ ಹೊಣೆ ಹೊತ್ತ ಮಗುವಿಗೂ ಬಹಳ ಅಂತರವಿದೆ.

ಹಾಗಾದರೆ ಯಾವಾಗ ಹೋಗಬೇಕು? ಚಳಿಗಾಲದಲ್ಲಿ ವಿಮಾನ ದರ ಇಳಿಯುವುದು ಎರಡು ಕಾಲದಲ್ಲಿ, ನವೆಂಬರ್ ನಡುವಿನಿಂದ ಡಿಸೆಂಬರ್ ಮಧ್ಯದವರೆಗೆ ಮತ್ತು ಜನವರಿ ಎರಡನೇ ವಾರದ ನಂತರ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಮಕ್ಕಳಿಗೆ ಎರಡೂ ಆಗದು. ಜನವರಿ ಎಂದರೆ ಪೂರ್ವಸಿದ್ಧತಾ ಪರೀಕ್ಷೆ, ಮಾರ್ಚ್ ಎಂದರೆ ಮುಖ್ಯ ಪರೀಕ್ಷೆ. ಆ ಎರಡು ವರ್ಷ ಯುರೋಪಿನ ಮಾತೇ ಬೇಡ. ಎಂಟು, ಒಂಬತ್ತನೇ ತರಗತಿಯವರಿಗೆ ಡಿಸೆಂಬರ್ ಮೊದಲ ವಾರಗಳು ತಕ್ಕವು. ಎಂಟು, ಹತ್ತು ದಿನದ ಪಾಠ ಹೋಗುವುದಿಲ್ಲವೇ? ಹೋಗುತ್ತದೆ. ಶೇಕಡ 75ರ ಹಾಜರಾತಿಯ ಮಿತಿಯೊಳಗೆ, ಶಾಲೆಯ ಮುಖ್ಯಸ್ಥರಿಗೆ ಮೊದಲೇ ಬರೆದುಕೊಟ್ಟು ಹೋಗುವ ರಜೆ ಅದು. ಒಂಬತ್ತನೇ ತರಗತಿಯಲ್ಲಿ ಹತ್ತು ದಿನದ ಪಾಠವನ್ನು ಮನೆಯಲ್ಲಿ ಸರಿದೂಗಿಸಬಹುದು. ತೋಟದ ಮನೆಯವರಿಗೆ ಇನ್ನೊಂದು ತೊಡಕಿದೆ. ಡಿಸೆಂಬರ್ ಎಂದರೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟವರು ಮನೆ ಬಿಟ್ಟು ಹೊರಡಬಹುದು ನಿಜ, ಆದರೆ ಚೇಣಿಯ ಮುಂಗಡ ಇಡೀ ವರ್ಷದ ಆದಾಯ. ಅದರಲ್ಲಿ ಪ್ರವಾಸಕ್ಕೆ ಎಷ್ಟು ಎಂಬುದನ್ನು ತೋಟದ ಗೊಬ್ಬರ, ಆಳು, ಔಷಧಿಯ ಖರ್ಚು ತೆಗೆದಿಟ್ಟ ಮೇಲೆ ತೀರ್ಮಾನಿಸಬೇಕು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಈಗ ಸುಲಭದ ಉತ್ತರವೊಂದನ್ನು ಎಲ್ಲೆಡೆ ಹಂಚಲಾಗುತ್ತಿದೆ: ಈಗ ಹೋಗಿ, ಆಮೇಲೆ ಕಟ್ಟಿ. ಈ ಸಾಲವನ್ನು ನಾನು ಯಾರಿಗೂ ಹೇಳಲಾರೆ. 7.2 ಲಕ್ಷಕ್ಕೆ ಶೇಕಡ 14ರಂತೆ ಮೂರು ವರ್ಷದ ಕಂತು 24,600 ರೂಪಾಯಿಯ ಆಸುಪಾಸು. ಬಡ್ಡಿಯೇ 1.66 ಲಕ್ಷ, ಶೇಕಡ 2ರ ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಜಿಎಸ್‌ಟಿ ಇನ್ನೊಂದು 17 ಸಾವಿರ. ಅದೇ ಮೊತ್ತ ಮೂರು ವರ್ಷದ ಕೊನೆಗೆ ಕೈಗೆ ಬರಲು ಶೇಕಡ 6.5ರ ಆರ್‌ಡಿಯಲ್ಲಿ ತಿಂಗಳಿಗೆ 18,100 ಕಟ್ಟಿದರೆ ಸಾಕು. ಎರಡರ ನಡುವಿನ ಅಂತರ ಎರಡೂವರೆ ಲಕ್ಷ. ನೋ ಕಾಸ್ಟ್ ಇಎಂಐ ಎಂಬ ಹೆಸರಿಗೂ ಮರುಳಾಗಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು, ಬಡ್ಡಿ ಪ್ಯಾಕೇಜ್ ದರದೊಳಗೇ ಕೂತಿರುತ್ತದೆ. ಮಗು ಕೈ ಬಿಟ್ಟು ಹೋಗುವ ಮುನ್ನ ಒಮ್ಮೆ ಒಟ್ಟಿಗೆ ಹೋಗಬೇಕೆಂಬ ತಂದೆತಾಯಿಯ ಆಸೆ ನನಗೆ ಅರ್ಥವಾಗುತ್ತದೆ. ಆ ಆಸೆಗೇ ಬೆಲೆ ಕಟ್ಟಿ ಮಾರುವ ಈ ಸಾಲದ ಬಗ್ಗೆ ತಾಳ್ಮೆ ಉಳಿದಿಲ್ಲ. ಭದ್ರಾವತಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ದಶಕವಾಗುತ್ತ ಬಂತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಮೂವತ್ತಾರು ತಿಂಗಳು ಸಂಬಳ ತಪ್ಪದೆ ಬರುತ್ತದೆ ಎಂಬ ಭರವಸೆಯ ಮೇಲೆ ನಿಂತ ಕಂತು, ಅಂಥ ಊರಿನಲ್ಲಿ, ಪ್ರವಾಸಕ್ಕಾಗಿ ಬೇಡ. ಮಗು ಆರನೇ ತರಗತಿಯಲ್ಲಿರುವಾಗಲೇ ಆರ್‌ಡಿ ತೆರೆದರೆ ಒಂಬತ್ತನೆಯ ಡಿಸೆಂಬರ್‌ಗೆ ಹಣ ಸಿದ್ಧ, ವಯಸ್ಸೂ ಹದಿನಾರರೊಳಗೆ.

ಲೆಕ್ಕದಲ್ಲಿ ಬಿಟ್ಟುಹೋಗುವ ಮಾತುಗಳು ಇನ್ನೂ ಇವೆ. ಸಾಮಾನ್ಯ ಕ್ರೆಡಿಟ್ ಕಾರ್ಡಿನ ವಿದೇಶಿ ಮಾರ್ಕ್‌ಅಪ್ ಶೇಕಡ 3.5, ಜಿಎಸ್‌ಟಿ ಸೇರಿ 4.13. ಎರಡು ಲಕ್ಷ ಉಜ್ಜಿದರೆ 8,260 ರೂಪಾಯಿ ಹೋಯಿತು. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡ ಎನ್ನಿ, ಯುರೋದಲ್ಲೇ ಕೊಡಿ. ಪ್ಯಾಕೇಜ್ ಮಾರುವಾಗಲೇ ಹಿಡಿಯುವ ಟಿಸಿಎಸ್ ತೆರಿಗೆ ಖರ್ಚಲ್ಲ, ರಿಟರ್ನ್ ಸಲ್ಲಿಸಿದವರಿಗೆ ಹೊಂದಾಣಿಕೆಯಾಗುತ್ತದೆ. ಆದರೆ ಕೃಷಿ ಆದಾಯವೆಂದು ರಿಟರ್ನ್ ಹಾಕದವರ ಹಣ ಅಲ್ಲೇ ಉಳಿಯುತ್ತದೆ. ವಿದೇಶ ಪ್ರವಾಸಕ್ಕೆ ವರ್ಷದಲ್ಲಿ ಎರಡು ಲಕ್ಷ ಮೀರಿ ಖರ್ಚು ಮಾಡಿದವರು ರಿಟರ್ನ್ ಸಲ್ಲಿಸಲೇಬೇಕೆಂಬ ನಿಯಮವೂ ಇದೆ, ತೋಟದವರು ಇದನ್ನು ಮರೆಯಬಾರದು. ನೌಕರರು ಎಲ್‌ಟಿಸಿ ಎಂಬ ರಜಾ ಪ್ರಯಾಣ ರಿಯಾಯಿತಿಯನ್ನು ಇದಕ್ಕೆ ತಳುಕು ಹಾಕಬೇಡಿ. ದೇಶದೊಳಗಿನ ಊರೊಂದಕ್ಕೆ ವಿದೇಶ ಸುತ್ತಿ ಹೋದರೆ ತೆರಿಗೆ ವಿನಾಯಿತಿ ಇಲ್ಲವೆಂದು 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಬೆಳೆಯುವ ಮಗುವಿಗೆ ಸಾವಿರಾರು ರೂಪಾಯಿಯ ದಪ್ಪ ಜಾಕೆಟ್ ಕೊಳ್ಳುವ ಬದಲು ಹೊರದೇಶದಲ್ಲಿದ್ದು ಬಂದ ನೆಂಟರಲ್ಲಿ ಕೇಳಿ ಪಡೆಯಿರಿ. ಕೊಂಡದ್ದು ಬರುವ ವರ್ಷ ಮೈಗಾಗುವುದಿಲ್ಲ.

ಡಿಸೆಂಬರ್‌ಗೆ ಹೋಗುವವರು ಈಗಲೇ ಮಗುವಿನ ಪಾಸ್‌ಪೋರ್ಟ್ ತೆಗೆದು ನೋಡಿ. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ್ದಕ್ಕೆ ಐದೇ ವರ್ಷದ ಅವಧಿ, ಷೆಂಗೆನ್ ಬಿಟ್ಟು ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಅದು ಉಳಿದಿರಬೇಕು. ವೀಸಾ ಅರ್ಜಿಯನ್ನು ಆರು ತಿಂಗಳ ಮೊದಲೇ ಹಾಕಬಹುದು. ಹನ್ನೆರಡು ದಾಟಿದವರು ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಲೇಬೇಕು, ದಸರಾ ರಜೆ ಅದಕ್ಕೆ ಒಳ್ಳೆಯ ಸಮಯ, ಶಾಲೆ ತಪ್ಪುವುದಿಲ್ಲ. ಇಷ್ಟರ ಮೇಲೂ ಪ್ಯಾಕೇಜೇ ಬೇಕು ಎನ್ನುವವರು ಮುಂಗಡ ಕೊಡುವ ಮೊದಲು ಏಜೆಂಟರಿಂದ ಮೂರು ವಿಷಯ ಬರೆಸಿಕೊಳ್ಳಿ: ಪ್ರತಿ ದಿನ ಬಸ್ಸಿನಲ್ಲಿ ಎಷ್ಟು ಕಿಲೋಮೀಟರ್, ಹೋಟೆಲ್ ಊರ ನಡುವಿನಿಂದ ಎಷ್ಟು ದೂರ, ಉಚಿತ ಪ್ರವೇಶವಿರುವ ಮಗುವಿಗೆ ದರದಲ್ಲಿ ಎಷ್ಟು ಕಡಿತ. ಬರೆದುಕೊಡದವರಿಗೆ ಹಣ ಕೊಡಬೇಡಿ.