ನೀರು ಮೆದುಗೊಳಿಸುವ ಯಂತ್ರ: ಮನೆಯಲ್ಲಿ ಅದರ ಸ್ಥಳ ಯಾವುದು?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಚೆನ್ನೈಯ ಕೊಳವೆ ಬಾವಿಯ ನೀರನ್ನು ನಂಬಿ ಸಂಸಾರ ನಡೆಸುವವರು ಅನೇಕರು. ಬೇಳೆ ಬೇಗ ಬೇಯುವುದಿಲ್ಲ. ಸಾಬೂನು ನೊರೆ ಬಿಡುವುದಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿಯ ಪೊರೆ ಕಟ್ಟುತ್ತದೆ. ಗೀಜರಿನ ಒಳಗೆ ಸುಣ್ಣದಂಥ ಹಕ್ಕಳೆ ಬೆಳೆಯುತ್ತದೆ. ಇದಕ್ಕೆ ಪರಿಹಾರವೆಂದು ಹಲವರು ಸಾಫ್ಟನರ್ ಎಂಬ ಯಂತ್ರವನ್ನು ತರಿಸುತ್ತಿದ್ದಾರೆ. ಯಾವ ಯಂತ್ರ ಒಳ್ಳೆಯದೆಂದು ವಿಚಾರಿಸುವವರು ಬಹಳ; ಅದನ್ನು ಎಲ್ಲಿ ಕೂಡಿಸಬೇಕೆಂದು ವಿಚಾರಿಸುವವರು ಕಡಿಮೆ. ಆದರೆ ಸ್ಥಳ ತಪ್ಪಿದರೆ ಒಳ್ಳೆಯ ಯಂತ್ರವೂ ಹಣವನ್ನು ಉಪ್ಪಿನೊಡನೆ ಮೋರಿಗೆ ಹರಿಸುತ್ತದೆ. ಆದಕಾರಣ ಈ ಪಾಠ.

ಮೊದಲು ಯಂತ್ರದ ಕೆಲಸವನ್ನು ತಿಳಿಯೋಣ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಕುಡಿಯುವ ನೀರಿಗಾಗಿ 2012ರಲ್ಲಿ ಪ್ರಕಟವಾದ ಭಾರತೀಯ ಮಾನಕದಂತೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸ್ವೀಕಾರಾರ್ಹ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಯಂತ್ರದ ಉರುಳೆಯಲ್ಲಿ ರಾಳದ ಸಣ್ಣ ಮಣಿಗಳಿರುತ್ತವೆ. ಅವು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ತಮ್ಮಲ್ಲಿರುವ ಸೋಡಿಯಮ್ಮನ್ನು ನೀರಿಗೆ ಬಿಡುತ್ತವೆ. ಮಣಿಗಳ ಶಕ್ತಿ ತೀರಿದಾಗ ಉಪ್ಪಿನ ನೀರಿನಿಂದ ತೊಳೆದು ಅವನ್ನು ಪುನಃ ಸಿದ್ಧಪಡಿಸಬೇಕು. ಅಂದರೆ ಯಂತ್ರದ ಮೂಲಕ ಹೋಗುವ ಪ್ರತಿ ಕೊಡ ನೀರಿಗೂ ಉಪ್ಪಿನ ಖರ್ಚು ಉಂಟು.

ಇಲ್ಲಿಂದಲೇ ಸ್ಥಳದ ಪ್ರಶ್ನೆ ಹುಟ್ಟುತ್ತದೆ. ಗಿರಣಿಯಲ್ಲಿ ಕೆಲಸ ಮಾಡುವ ನಾವು ನಿತ್ಯ ನೋಡುವ ಕ್ರಮವಿದು: ಸಾಫ್ಟನರು ಬಾಯ್ಲರಿಗೆ ಹೋಗುವ ದಾರಿಯಲ್ಲಿ ನಿಂತಿರುತ್ತದೆ, ಕ್ಯಾಂಟೀನಿನ ಕುಡಿಯುವ ನೀರಿನ ದಾರಿಯೇ ಬೇರೆ. ಮನೆಗೂ ಇದೇ ಸೂತ್ರ ಸಲ್ಲುತ್ತದೆ. ಮೊದಲು ದಾರಿಗಳನ್ನು ಬೇರ್ಪಡಿಸಬೇಕು, ಅನಂತರ ಯಂತ್ರವನ್ನು ಕೂಡಿಸಬೇಕು.

ಮೆದು ನೀರು ಬೇಕಾದುದು ಸ್ನಾನಕ್ಕೆ, ಗೀಜರಿಗೆ, ಬಟ್ಟೆ ಒಗೆಯುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ. ತುಳಸಿ, ಮಲ್ಲಿಗೆ ಗಿಡಗಳಿಗೆ ಬೇಡ. ಸೋಡಿಯಂ ಹೆಚ್ಚಿದರೆ ಮಣ್ಣು ಬಿಗಿಯುತ್ತದೆ, ಗಿಡ ಸೊರಗುತ್ತದೆ. ಪಾಯಿಖಾನೆಗೂ ಅಗತ್ಯವಿಲ್ಲ. ಕುಡಿಯುವ ಮತ್ತು ಅಡಿಗೆಯ ನೀರಿನ ವಿಷಯದಲ್ಲಂತೂ ಲೆಕ್ಕ ಹಾಕಿ ನೋಡಬೇಕು. ಒಂದು ಮಿಲಿಗ್ರಾಂ ಗಡಸುತನ ಹೋದಲ್ಲಿ ಸುಮಾರು 0.46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ 184 ಮಿಲಿಗ್ರಾಂ ಸೋಡಿಯಂ ಹೆಚ್ಚಿದಂತಾಯಿತು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಗಾಗಿ ಉಪ್ಪನ್ನು ಬಿಟ್ಟಿರುವ ಹಿರಿಯರು ಮನೆಯಲ್ಲಿದ್ದರೆ, ಅವರ ಲೋಟಕ್ಕೆ ನಾವೇ ಸೋಡಿಯಂ ಬೆರೆಸಿದಂತೆ. ಆದುದರಿಂದ ಅಡಿಗೆಮನೆಯ ಒಂದು ನಲ್ಲಿಗೆ ಯಂತ್ರಕ್ಕಿಂತ ಮುಂಚೆಯೇ ಕವಲು ತೆಗೆಯಿರಿ. ಆರ್.ಓ. ಶುದ್ಧೀಕರಣ ಯಂತ್ರದ ನೀರನ್ನೇ ಕುಡಿಯುವ ಮತ್ತು ಅಡಿಗೆಗೆ ಬಳಸುವ ಮನೆಗಳಲ್ಲಿ ಈ ಚಿಂತೆ ಕಡಿಮೆ; ಅದು ಸೋಡಿಯಮ್ಮಿನ ಬಹುಪಾಲನ್ನು ತೆಗೆದುಹಾಕುತ್ತದೆ.

ಇನ್ನು ಯಂತ್ರವನ್ನು ಮಹಡಿಯ ತೊಟ್ಟಿಗಿಂತ ಮೊದಲು ಇಡಬೇಕೋ, ಅನಂತರವೋ? ಪಂಪಿಗೂ ತೊಟ್ಟಿಗೂ ನಡುವೆ ಇಟ್ಟರೆ ನೀರಿನ ಒತ್ತಡ ಚೆನ್ನಾಗಿ ದೊರೆಯುತ್ತದೆ. ಆದರೆ ತೊಟ್ಟಿ ಒಂದೇ ಇದ್ದಲ್ಲಿ ತೋಟಕ್ಕೂ ಪಾಯಿಖಾನೆಗೂ ಮೆದು ನೀರೇ ಹೋಗುತ್ತದೆ. ಗಡಸು ನೀರಿಗೊಂದು, ಮೆದು ನೀರಿಗೊಂದು, ಹೀಗೆ ಎರಡು ತೊಟ್ಟಿಗಳಿದ್ದರೆ ಮಾತ್ರ ಈ ಕ್ರಮ ಚೆನ್ನ.

ತೊಟ್ಟಿ ಒಂದೇ ಇರುವವರು ಅದರಿಂದ ಇಳಿಯುವ ಕೊಳವೆಯಲ್ಲಿ, ಕವಲುಗಳನ್ನು ತೆಗೆದ ಮೇಲೆ, ಯಂತ್ರವನ್ನು ಕೂಡಿಸಬೇಕು. ಇಲ್ಲಿ ಒತ್ತಡವನ್ನು ಗಮನಿಸತಕ್ಕದ್ದು. ಹತ್ತು ಮೀಟರು ಎತ್ತರದಿಂದ ಇಳಿಯುವ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ತೊಟ್ಟಿಗಿಂತ ಮೂರೇ ಮೀಟರು ಕೆಳಗಿರುವ ಸ್ನಾನದ ಮನೆಯಲ್ಲಿ 0.3 ಬಾರ್ ಮಾತ್ರ. ಮನೆಬಳಕೆಯ ಅನೇಕ ಯಂತ್ರಗಳು ಒಂದೂವರೆಯಿಂದ ಎರಡು ಬಾರ್ ಕೇಳುತ್ತವೆ. ಕೈಪಿಡಿಯಲ್ಲಿ ಬರೆದಷ್ಟು ಒತ್ತಡವಿಲ್ಲದಿದ್ದರೆ ಉಪ್ಪಿನ ತೊಳೆತ ಸರಿಯಾಗಿ ನಡೆಯುವುದಿಲ್ಲ. ಅಂಥಲ್ಲಿ ಯಂತ್ರದ ಮುಂದೆ ಒತ್ತಡದ ಪಂಪೊಂದನ್ನು ಇಡಬೇಕು.

ಹಾಗಾದರೆ ಒಂದೇ ತೊಟ್ಟಿಯ ಮನೆಯಲ್ಲಿ ನೀರು ಸಾಗುವ ಕ್ರಮ ಹೀಗೆ: ತೊಟ್ಟಿ, ತೋಟ, ಪಾಯಿಖಾನೆ, ಅಡಿಗೆಮನೆಯ ಕವಲುಗಳು, ಪಂಪು, ಮರಳು ಕಸರು ತಡೆಯುವ ಜಾಲರಿ, ಸಾಫ್ಟನರು, ಹಿಂದಕ್ಕೆ ಹರಿಯಗೊಡದ ವಾಲ್ವು, ಕೊನೆಗೆ ಗೀಜರು ಮತ್ತು ಸ್ನಾನದ ನಲ್ಲಿಗಳು. ಗೀಜರಿನ ಬಿಸಿನೀರು ಹಿಂದಕ್ಕೆ ಬಂದರೆ ಯಂತ್ರ ಕೆಡುತ್ತದೆ. ಆ ವಾಲ್ವು ಬಿದ್ದಲ್ಲಿ, ಕಾಯ್ದು ಹಿಗ್ಗುವ ನೀರಿಗೆ ಗೀಜರಿನ ರಕ್ಷಣಾ ವಾಲ್ವೇ ದಾರಿ. ಅದು ಸುಸ್ಥಿತಿಯಲ್ಲಿದೆಯೇ ಎಂದು ತಪ್ಪದೆ ನೋಡಿಸಿ. ನೀರಿನಲ್ಲಿ ಕಬ್ಬಿಣದ ಕೆಂಪು ಕಂಡರೆ ಅದನ್ನು ಸಾಫ್ಟನರಿಗಿಂತ ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಮಣಿಗಳ ಮೇಲೆ ತುಕ್ಕು ಕೂರುತ್ತದೆ. ಯಂತ್ರದ ಎಡಬಲಕ್ಕೆ ಒಂದೊಂದು ವಾಲ್ವು, ಬಳಸುದಾರಿಯಲ್ಲಿ ಮೂರನೆಯದು ಇರಲಿ. ದುರಸ್ತಿಯ ದಿನ ಮನೆಯ ನೀರು ನಿಲ್ಲುವುದಿಲ್ಲ. ಬಿಸಿಲು ಬೀಳದ, ವಿದ್ಯುತ್ ಪ್ಲಗ್ಗು ಹತ್ತಿರವಿರುವ, ಉಪ್ಪಿನ ಮೂಟೆ ಹೊತ್ತು ತರಲು ಅನುಕೂಲವಾದ ಸಮತಟ್ಟಾದ ಜಾಗವನ್ನು ಆರಿಸಿರಿ.

ತೊಳೆದ ಉಪ್ಪುನೀರು ಎಲ್ಲಿಗೆ ಹೋಗಬೇಕು? ಇದು ನಮ್ಮ ಮನೆಯೊಂದರದೇ ಪ್ರಶ್ನೆಯಲ್ಲ. ತಮಿಳುನಾಡಿನಲ್ಲಿ 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರಿನ ಸಂಗ್ರಹ ಕಡ್ಡಾಯವಾಯಿತು. ಹಾಗೆ ಮಳೆನೀರನ್ನು ಇಂಗಿಸುವ ಗುಂಡಿಗೆ ಯಂತ್ರದ ಉಪ್ಪುನೀರನ್ನು ಬಿಟ್ಟರೆ, ನಮ್ಮ ಬಾವಿಗೂ ನೆರೆಯವರ ಬಾವಿಗೂ ಉಪ್ಪು ಇಳಿಯುತ್ತದೆ. ಗಿಡದ ಪಾತಿಗೂ ಬಿಡಬಾರದು. ಒಳಚರಂಡಿಯ ಮೋರಿಗೇ ಬಿಡಬೇಕು. ಕೊಳವೆಯ ತುದಿ ಮೋರಿಯಲ್ಲಿ ಮುಳುಗದೆ ನಾಲ್ಕು ಬೆರಳಾದರೂ ಮೇಲಿರಲಿ. ಹೊಲಸು ನೀರು ಹಿಂದಕ್ಕೆ ಹೀರಲ್ಪಡುವ ಭಯ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಎರಡು ಶೀಷೆಗಳಲ್ಲಿ, ಸ್ನಾನದ ನಲ್ಲಿಯಿಂದ ಒಂದು, ಅಡಿಗೆಮನೆಯ ಬೇರ್ಪಡಿಸಿದ ನಲ್ಲಿಯಿಂದ ಒಂದು, ಅರ್ಧರ್ಧ ನೀರು ಹಿಡಿಯಿರಿ. ಸಾಬೂನಿನ ಚೂರನ್ನು ಸಮನಾಗಿ ಹಾಕಿ ಕುಲುಕಿರಿ. ಮೊದಲನೆಯದರಲ್ಲಿ ನೊರೆ, ಎರಡನೆಯದರಲ್ಲಿ ಮೊಸರಿನಂಥ ಗಸಿ ಕಂಡರೆ ಕೊಳವೆಗಳ ಜೋಡಣೆ ಸರಿ. ಟಿ.ಡಿ.ಎಸ್. ಮೀಟರನ್ನು ಇದಕ್ಕೆ ನಂಬಬೇಡಿ. ಒಂದು ಲವಣ ಹೋಗಿ ಇನ್ನೊಂದು ಬಂದಿರುವುದರಿಂದ ಅದರ ಅಂಕಿ ಹೆಚ್ಚು ಇಳಿಯುವುದಿಲ್ಲ.

ಯಂತ್ರಕ್ಕೆ ಹಣ ಕಟ್ಟುವ ಮುನ್ನ ಒಂದು ಹಾಳೆಯ ಮೇಲೆ ನಿಮ್ಮ ಮನೆಯ ಕೊಳವೆಗಳ ನಕ್ಷೆ ಬರೆಯಿರಿ. ಯಾವ ನಲ್ಲಿಗೆ ಯಾವ ನೀರು ಎಂದು ಅದರಲ್ಲಿ ಗುರುತು ಹಾಕಿ ಪ್ಲಂಬರನ ಕೈಗೆ ಕೊಡಿ. ಬಾಡಿಗೆಯ ಮನೆಯವರು ಮಾಲೀಕರಿಗೂ, ಫ್ಲ್ಯಾಟಿನವರು ತಮ್ಮ ಸಂಘಕ್ಕೂ ಅದೇ ಹಾಳೆಯನ್ನು ತೋರಿಸಲಿ. ಗೋಡೆ ಒಡೆಯುವುದಕ್ಕಿಂತ ಪೆನ್ಸಿಲಿನ ಗೆರೆ ಅಳಿಸುವುದು ಅಗ್ಗವಲ್ಲವೇ?