ನಡುದಾರಿಯಲ್ಲಿ ಟೋಕನ್ ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ: ಪದವಿ ಮುಗಿಸಿ ಊರಿನಲ್ಲಿದ್ದೇನೆ. ಎಕ್ಸ್‌ಚೇಂಜ್ ಒಂದರಲ್ಲಿ 25,000 ರೂಪಾಯಿಗೆ ಈಥರ್ ಕೊಂಡು, ಪಾಲಿಗಾನ್ ಜಾಲದ ಮೇಲೆ ನನ್ನ ಫೋನಿನ ವಾಲೆಟ್‌ಗೆ ತಂದಿಟ್ಟುಕೊಂಡಿದ್ದೇನೆ. ಬೆಂಗಳೂರಿನಲ್ಲಿರುವ ಅಣ್ಣನ ಗೆಳೆಯರೊಬ್ಬರು, ‘ಅದನ್ನು ವಿಕೇಂದ್ರೀಕೃತ ಎಕ್ಸ್‌ಚೇಂಜಿನಲ್ಲಿ ಬೇರೆ ಟೋಕನ್‌ಗೆ ಬದಲಿಸು, ಬ್ರಿಡ್ಜ್ ಮೂಲಕ ಹೊಸ ಚೈನಿಗೆ ದಾಟಿಸು, ಅಲ್ಲಿ ಸ್ಟೇಕ್ ಮಾಡು, ವರ್ಷಕ್ಕೆ ಶೇ 14 ಬರುತ್ತದೆ’ ಎನ್ನುತ್ತಿದ್ದಾರೆ. ಈ ಮೂರೂ ಏನು? ನಮ್ಮಲ್ಲಿ ನೆಟ್‌ವರ್ಕ್ ಯಾವ ಹೊತ್ತಿಗೆ ಹೋಗುತ್ತದೋ ಹೇಳಲಾಗದು. ಕಳಿಸುವಾಗ ನಡುವೆ ಕಡಿದರೆ ಟೋಕನ್ ಹೋದ ಹಾಗೆಯೇ?
— ಓದುಗರು, ಕುಂಬಾರವಾಡ, ಜೊಯಿಡಾ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ನೆಟ್‌ವರ್ಕ್ ಹೋದ ಮಾತ್ರಕ್ಕೆ ಟೋಕನ್ ಹೋಗುವುದಿಲ್ಲ. ವಾಲೆಟ್‌ನಲ್ಲಿ ನೀವು ಒಪ್ಪಿಗೆ ಒತ್ತಿದಾಗ ಫೋನು ಮಾಡುವ ಕೆಲಸ ಇಷ್ಟೇ: ನಿಮ್ಮ ಖಾಸಗಿ ಕೀಲಿಯಿಂದ ಸಹಿಯಾದ ಆದೇಶವನ್ನು ಜಾಲಕ್ಕೆ ತಲುಪಿಸುವುದು. ಆದೇಶ ಹೊರಡುವ ಮೊದಲೇ ಸಿಗ್ನಲ್ ಹೋದರೆ ಏನೂ ನಡೆದಿಲ್ಲ, ಟೋಕನ್ ಇದ್ದಲ್ಲೇ ಇದೆ. ಹೊರಟ ಮೇಲೆ ಹೋದರೆ ಉಳಿದದ್ದನ್ನು ಜಾಲವೇ ಮಾಡಿಕೊಳ್ಳುತ್ತದೆ, ನಿಮ್ಮ ಫೋನು ಆರಿದ್ದರೂ ಸರಿ. ಸಿಗ್ನಲ್ ಮರಳಿದಾಗ ಪಾಲಿಗಾನ್‌ಸ್ಕ್ಯಾನ್‌ನಂಥ ತಾಣದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿದರೆ ವಹಿವಾಟು ಎಲ್ಲಿಗೆ ಬಂತು ಎಂಬುದು ಕಾಣುತ್ತದೆ.

ಆ ಕಾಯುವ ಹೊತ್ತಿನಲ್ಲಿ ಗಾಬರಿಯಾಗಿ ಮಾಡುವ ಕೆಲಸಗಳೇ ಹೆಚ್ಚು ಅಪಾಯದವು. ಪರದೆ ಸುತ್ತುತ್ತಲೇ ಇದೆ ಎಂದು ಮತ್ತೆ ಒತ್ತಿದರೆ ಎರಡನೆಯ ಆದೇಶವೇ ಹೊರಟುಬಿಡಬಹುದು. ಟೆಲಿಗ್ರಾಂ ಗುಂಪಿನಲ್ಲಿ ‘ನನ್ನ ಟೋಕನ್ ಸಿಕ್ಕಿಹಾಕಿಕೊಂಡಿದೆ’ ಎಂದು ಬರೆದರೆ ನಿಮಿಷದೊಳಗೆ ‘ಸಹಾಯವಾಣಿ’ಯವರು ಎಂದು ಹೇಳಿಕೊಂಡು ಯಾರಾದರೂ ಸಂದೇಶ ಕಳಿಸುತ್ತಾರೆ. ಮಾತು ಮುಗಿಯುವಷ್ಟರಲ್ಲಿ ವಾಲೆಟ್‌ನ ಗುಪ್ತ ಕೀಲಿಯಾದ 12 ಪದಗಳನ್ನು ಕೇಳುತ್ತಾರೆ. ಆ ಪದಗಳೇ ನಿಮ್ಮ ಆಸ್ತಿ. ಅವನ್ನು ಕೇಳುವ ಪ್ರಾಮಾಣಿಕ ಕಾರಣ ಜಗತ್ತಿನಲ್ಲಿ ಯಾರಿಗೂ ಇಲ್ಲ.

ಇನ್ನು ಆ ಗೆಳೆಯರ ಸಲಹೆ. ಅವರು ಒಂದೇ ಉಸಿರಿನಲ್ಲಿ ಹೇಳಿದ ಮೂರೂ ಕೆಲಸ ಬೇರೆ ಬೇರೆ, ಅವುಗಳ ಅಪಾಯವೂ ಬೇರೆ. ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕ್ಷಣ ನನ್ನ ಟೋಕನ್ ಯಾರ ಹಿಡಿತದಲ್ಲಿದೆ, ಅದರ ಬದಲಿಗೆ ನನ್ನ ಕೈಯಲ್ಲಿರುವುದು ಏನು? ಲಾಭದ ಶೇಕಡಾವಾರು ಲೆಕ್ಕಕ್ಕಿಂತ ಈ ಪ್ರಶ್ನೆಯೇ ನಿಮ್ಮನ್ನು ಹೆಚ್ಚು ಕಾಯುತ್ತದೆ.

ಸ್ಟೇಕಿಂಗ್ ಮೂಲದಲ್ಲಿ ಬಡ್ಡಿ ಅಲ್ಲ, ಕೆಲಸಕ್ಕೆ ಸಿಗುವ ಕೂಲಿ. ಈಥರ್‌ನ ಮೂಲ ಜಾಲವಾದ ಇಥೀರಿಯಮ್ 2022ರ ಸೆಪ್ಟೆಂಬರ್ 15ರಂದು ವಿದ್ಯುತ್ ನುಂಗುವ ಗಣಿಗಾರಿಕೆಯನ್ನು ಬಿಟ್ಟು ಈ ಪದ್ಧತಿಗೆ ಬಂತು. ಯಾವ ವಹಿವಾಟು ಸರಿ, ಯಾವುದು ಕಳ್ಳ ವಹಿವಾಟು ಎಂದು ಪರಿಶೀಲಿಸುವ ವ್ಯಾಲಿಡೇಟರ್‌ಗಳು ಕನಿಷ್ಠ 32 ಈಥರ್ ಅನ್ನು ಒತ್ತೆ ಇಡಬೇಕು. ಕೆಲಸ ಸರಿಯಾಗಿ ಮಾಡಿದರೆ ಪ್ರತಿಫಲ, ಮೋಸ ಮಾಡಿದರೆ ಒತ್ತೆಯಲ್ಲಿ ಒಂದಷ್ಟು ಮುಟ್ಟುಗೋಲು. ಈಚಿನ ವರ್ಷಗಳಲ್ಲಿ ಆ ಪ್ರತಿಫಲ ವರ್ಷಕ್ಕೆ ಶೇ 3ರ ಆಸುಪಾಸಿನಲ್ಲಿದೆ. ಜಗತ್ತಿನ ಅತಿ ದೊಡ್ಡ ಸ್ಟೇಕಿಂಗ್ ಜಾಲವೇ ಇಷ್ಟು ಕೊಡುವಾಗ ಹೊಸ ಚೈನೊಂದು ಶೇ 14 ಎಲ್ಲಿಂದ ತರುತ್ತದೆ? ಬಹಳ ಸಲ ತಾನೇ ಹೊಸದಾಗಿ ಸೃಷ್ಟಿಸಿದ ಟೋಕನ್‌ಗಳಿಂದ. ಟೋಕನ್ ಸಂಖ್ಯೆ ಶೇ 14 ಹೆಚ್ಚಾಗಿ ಬೆಲೆ ಶೇ 40 ಇಳಿದರೆ ಲಾಭ ಯಾರಿಗೆ? ಟೆರಾ ಎಂಬ ಜಾಲ, ಡಾಲರಿಗೆ ಸಮನಾಗಿರಬೇಕಾದ ತನ್ನ ‘ಡಾಲರ್ ಟೋಕನ್’ ಇಟ್ಟವರಿಗೆ ವರ್ಷಕ್ಕೆ ಸುಮಾರು ಶೇ 20 ಕೊಡುತ್ತೇನೆ ಎಂದಿತ್ತು. 2022ರ ಮೇ ತಿಂಗಳ ಕೆಲವೇ ದಿನಗಳಲ್ಲಿ ಅದು ಕುಸಿದು ಸುಮಾರು 4,000 ಕೋಟಿ ಡಾಲರ್ ಮೌಲ್ಯ ಆವಿಯಾಯಿತು.

ಸ್ವಂತ ವ್ಯಾಲಿಡೇಟರ್ ನಡೆಸುವ ಆಸೆ ನಿಮ್ಮಂಥ ಯುವಕರಿಗೆ ಮುಂದೆ ಬಂದರೂ ಬರಬಹುದು, ಅದಕ್ಕೆ ಒಂದು ಮಾತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ಜೊಯಿಡಾದ ಕಾಡಂಚಿನ ಊರುಗಳಿಗೆ ಹೊಸದಲ್ಲ. ಅದಕ್ಕೆ ಹೆದರಬೇಕಿಲ್ಲ: ಯಂತ್ರ ಆರಿದಷ್ಟು ಹೊತ್ತು ಗಳಿಸಬಹುದಾಗಿದ್ದಷ್ಟನ್ನೇ ಹೆಚ್ಚುಕಡಿಮೆ ಕಳೆದುಕೊಳ್ಳುತ್ತೀರಿ, ಅಷ್ಟೇ. ‘ಒಂದು ಹೋದರೆ ಇನ್ನೊಂದಿರಲಿ’ ಎಂದು ಅದೇ ಕೀಲಿಯನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಓಡಿಸುವುದೇ ದೊಡ್ಡ ತಪ್ಪು. ಎರಡು ಕಡೆಯಿಂದ ಎರಡು ಸಹಿ ಬಿದ್ದರೆ ಜಾಲ ಅದನ್ನು ಮೋಸವೆಂದೇ ಎಣಿಸಿ ದಂಡ ಹಾಕುತ್ತದೆ. ಆದರೆ 32 ಈಥರ್ ಎಂದರೆ ಹತ್ತಾರು ಲಕ್ಷ ರೂಪಾಯಿ. ಆದ್ದರಿಂದ ಸಾಮಾನ್ಯರು ಲಿಡೊದಂಥ ವ್ಯವಸ್ಥೆಗೆ ಈಥರ್ ಕೊಟ್ಟು, ಬದಲಿಗೆ ‘ಎಸ್‌ಟಿಈಥ್’ ಎಂಬ ಟೋಕನ್ ಪಡೆಯುತ್ತಾರೆ. ಗಮನಿಸಿ, ಅಲ್ಲಿಗೆ ನಿಮ್ಮ ಕೈಯಲ್ಲಿರುವುದು ಈಥರ್ ಅಲ್ಲ, ಈಥರ್ ಮೇಲಿನ ಹಕ್ಕು. 2022ರ ಜೂನ್‌ನಲ್ಲಿ ಮಾರುಕಟ್ಟೆ ಕುಸಿದಾಗ ಆ ಹಕ್ಕಿನ ಬೆಲೆ ಈಥರಿಗಿಂತ ಶೇ 5ರಷ್ಟು ಕೆಳಗಿತ್ತು. ನೇರವಾಗಿ ಒತ್ತೆ ಇಟ್ಟವರಿಗೂ ಬಿಡಿಸಿಕೊಳ್ಳಲು ಸರದಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಆ ಸರದಿ 40 ದಿನಗಳನ್ನು ದಾಟಿತ್ತು. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದರೆ 40 ದಿನ ಕಾಯಲಾದೀತೇ ಎಂಬುದನ್ನು ಮೊದಲೇ ಯೋಚಿಸಬೇಕು.

ವಿಕೇಂದ್ರೀಕೃತ ಎಕ್ಸ್‌ಚೇಂಜ್ ಎಂದರೆ ಮಾಲೀಕನ ಬದಲು ಪ್ರೋಗ್ರಾಂ ನಡೆಸುವ ವಿನಿಮಯ. 2018ರ ನವೆಂಬರ್‌ನಲ್ಲಿ ಶುರುವಾದ ಯೂನಿಸ್ವಾಪ್ ಇದರಲ್ಲಿ ಹೆಸರಾದದ್ದು. ಅಲ್ಲಿ ಮಾರುವವನು, ಕೊಳ್ಳುವವನು ಎದುರಾಗುವುದಿಲ್ಲ. ಎರಡು ಟೋಕನ್‌ಗಳ ದಾಸ್ತಾನು ಇರುತ್ತದೆ, ಅದಕ್ಕೆ ಪೂಲ್ ಎನ್ನುತ್ತಾರೆ. ಎರಡರ ಗುಣಲಬ್ಧ ಕಡಿಮೆಯಾಗಬಾರದು ಎಂಬುದೇ ನಿಯಮ. ಪೂಲ್‌ನಲ್ಲಿ ‘ಅ’ ಟೋಕನ್ 100, ‘ಬ’ ಟೋಕನ್ 10,000 ಇವೆ ಎನ್ನಿ, ಗುಣಲಬ್ಧ 10 ಲಕ್ಷ. ನೋಡಿದರೆ ಒಂದು ‘ಅ’ಗೆ 100 ‘ಬ’ ಬೆಲೆ. ನೀವು 10 ‘ಅ’ ತೆಗೆದರೆ ಉಳಿಯುವುದು 90. ಗುಣಲಬ್ಧ ಉಳಿಯಲು ‘ಬ’ 11,111 ಆಗಬೇಕು. ಅಂದರೆ 1,000 ಎಂದುಕೊಂಡಿದ್ದಕ್ಕೆ ನೀವು ತೆರುವುದು 1,111. ಇದೇ ವಹಿವಾಟನ್ನು ನೂರು ಪಟ್ಟು ದೊಡ್ಡ ಪೂಲ್‌ನಲ್ಲಿ ಮಾಡಿದ್ದರೆ 1,001 ಸಾಕಿತ್ತು. ಹೊಸ ಚೈನ್‌ಗಳ ಹೊಸ ಟೋಕನ್‌ಗಳಿಗೆ ಇರುವುದು ಹೆಚ್ಚಾಗಿ ಚಿಕ್ಕ ಪೂಲ್‌ಗಳು. ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ ಹೀಗೆ ಕಳೆದುಕೊಂಡರೆ ಶೇ 14ರ ಕಥೆ ಅಲ್ಲೇ ಮುಗಿಯಿತು.

ಇನ್ನೂ ಎರಡು ಎಚ್ಚರ. ಯಾವ ಹೆಸರಿನ ಟೋಕನ್ ಅನ್ನಾದರೂ ಯಾರು ಬೇಕಾದರೂ ಸೃಷ್ಟಿಸಬಹುದು, ಹೆಸರು ನೋಡಿ ಕೊಳ್ಳಬೇಡಿ, ಅದನ್ನು ನಡೆಸುವ ಪ್ರೋಗ್ರಾಂನ, ಅಂದರೆ ಕಾಂಟ್ರ್ಯಾಕ್ಟಿನ, ವಿಳಾಸವನ್ನು ಯೋಜನೆಯ ಅಧಿಕೃತ ತಾಣದೊಂದಿಗೆ ಹೋಲಿಸಿ. ಹಾಗೆಯೇ ವಿನಿಮಯಕ್ಕೆ ಮೊದಲು ವಾಲೆಟ್ ಕೇಳುವ ‘ಅಪ್ರೂವ್’ ಎಂಬ ಅನುಮತಿಯಲ್ಲಿ ಎಷ್ಟು ಮೊತ್ತ ಎಂದು ಓದಿ. ಮಿತಿಯಿಲ್ಲದ ಅನುಮತಿ ಕೊಟ್ಟರೆ ಆ ಪ್ರೋಗ್ರಾಂ ನಾಳೆಯೂ ನಿಮ್ಮ ಟೋಕನ್‌ಗೆ ಕೈ ಹಾಕಬಹುದು.

ಈಗ ಬ್ರಿಡ್ಜ್. ನಿಜಕ್ಕೂ ಟೋಕನ್ ಒಂದು ಚೈನಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಹೋಗಲಾರದು. ಒಂದು ಚೈನಿನ ಲೆಕ್ಕದ ಪುಸ್ತಕವನ್ನು ಇನ್ನೊಂದು ಚೈನು ತಾನಾಗಿ ಓದುವುದಿಲ್ಲ. ಬ್ರಿಡ್ಜ್ ಮಾಡುವುದು ಸೊಸೈಟಿಯ ಗೋದಾಮು ಮಾಡುವ ಕೆಲಸ: ಈಚೆ ನಿಮ್ಮ ಟೋಕನ್ ಅನ್ನು ಒಳಗಿಟ್ಟು ಬೀಗ ಹಾಕುತ್ತದೆ, ಆಚೆ ಅಷ್ಟೇ ಮೊತ್ತದ ರಸೀದಿ ಬರೆದು ಕೊಡುತ್ತದೆ. ರಸೀದಿ ಕೈ ಬದಲಿಸುತ್ತಾ ಓಡಾಡಬಹುದು. ಗೋದಾಮು ಖಾಲಿಯಾದ ದಿನ ಮಾತ್ರ ಅದು ಬರೀ ಕಾಗದ. ಪಾಲಿಗಾನ್ ಮೇಲೆ ನಿಮ್ಮ ಬಳಿ ಈಗ ಇರುವ ಈಥರ್ ಕೂಡ ಇಂಥ ರಸೀದಿಯೇ, ಅದರ ಮೂಲ ಇಥೀರಿಯಮ್ ಮೇಲಿನ ಕಾಂಟ್ರ್ಯಾಕ್ಟ್‌ನಲ್ಲಿ ಬೀಗದೊಳಗಿದೆ. ಅದನ್ನು ಇನ್ನೊಂದು ಹೊಸ ಚೈನಿಗೆ ದಾಟಿಸಿದರೆ ನಿಮ್ಮ ಕೈಗೆ ಬರುವುದು ರಸೀದಿಯ ಮೇಲಿನ ರಸೀದಿ.

ಹಾಗಾಗಿ ಗೋದಾಮಿನ ಕೀಲಿ ಯಾರ ಬಳಿ ಎಂಬುದೇ ಎಲ್ಲಕ್ಕಿಂತ ದೊಡ್ಡ ವಿಚಾರ. ಆಕ್ಸಿ ಇನ್ಫಿನಿಟಿ ಎಂಬ ಆಟಕ್ಕಾಗಿ ಕಟ್ಟಿದ್ದ ರೋನಿನ್ ಬ್ರಿಡ್ಜಿಗೆ ಒಂಬತ್ತು ಕೀಲಿಗಳಿದ್ದವು, ಐದು ಸಹಿ ಬಿದ್ದರೆ ಬಾಗಿಲು ತೆರೆಯುತ್ತಿತ್ತು. ಆ ಪೈಕಿ ನಾಲ್ಕು ಒಂದೇ ಕಂಪನಿಯ ಬಳಿ ಇದ್ದವು. ಕಳ್ಳರು ಆ ನಾಲ್ಕನ್ನೂ ಇನ್ನೊಂದನ್ನೂ ಸಂಪಾದಿಸಿ 2022ರ ಮಾರ್ಚ್ 23ರಂದು 1,73,600 ಈಥರ್ ಮತ್ತು 2.55 ಕೋಟಿ ಡಾಲರ್ ಟೋಕನ್‌ಗಳನ್ನು ಹೊತ್ತೊಯ್ದರು. ಒಟ್ಟು ಬೆಲೆ 60 ಕೋಟಿ ಡಾಲರಿಗೂ ಹೆಚ್ಚು. ನನ್ನನ್ನು ಇಂದಿಗೂ ಕಾಡುವುದು ಮೊತ್ತವಲ್ಲ, ಆರು ದಿನ ಅದು ಯಾರ ಗಮನಕ್ಕೂ ಬಾರದೇ ಹೋದದ್ದು. ಬಳಕೆದಾರರೊಬ್ಬರು 5,000 ಈಥರ್ ಹಿಂಪಡೆಯಲು ಹೋಗಿ ಆಗದಿದ್ದಾಗಲೇ ಗೋದಾಮು ಖಾಲಿಯಾಗಿದ್ದು ಗೊತ್ತಾಯಿತು. ಅಷ್ಟೂ ದಿನ ಆಚೆ ಬದಿಯ ರಸೀದಿಗಳು ಪೂರ್ತಿ ಬೆಲೆಗೆ ಕೈ ಬದಲಿಸುತ್ತಿದ್ದವು. ಅದೇ ವರ್ಷದ ಫೆಬ್ರುವರಿಯಲ್ಲಿ ವರ್ಮ್‌ಹೋಲ್ ಬ್ರಿಡ್ಜಿನ ಪ್ರೋಗ್ರಾಂ ದೋಷ ಬಳಸಿ ಒಬ್ಬ ಕಳ್ಳ ಏನನ್ನೂ ಒಳಗಿಡದೆ 1,20,000 ಈಥರ್ ಮೊತ್ತದ ರಸೀದಿ ಬರೆಸಿಕೊಂಡಿದ್ದ.

ನಮ್ಮವರು ಕಟ್ಟಿದ ಜಾಲವೂ ಇಂಥ ಕಳವಿನ ಅಂಚಿಗೆ ಹೋಗಿ ಬಂದಿದೆ. 2017ರಲ್ಲಿ ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಸೇರಿ ಮ್ಯಾಟಿಕ್ ಎಂದು ಆರಂಭಿಸಿದ್ದೇ ಇಂದಿನ ಪಾಲಿಗಾನ್. 2021ರ ಅಕ್ಟೋಬರ್‌ನಲ್ಲಿ ಅದರ ಪ್ಲಾಸ್ಮಾ ಎಂಬ ಬ್ರಿಡ್ಜಿನಲ್ಲಿ ಒಂದೇ ರಸೀದಿಯನ್ನು 200ಕ್ಕೂ ಹೆಚ್ಚು ಬಾರಿ ನಗದಾಗಿಸಬಹುದಾದ ದೋಷವನ್ನು ಭದ್ರತಾ ಸಂಶೋಧಕರೊಬ್ಬರು ಹಿಡಿದು ತಿಳಿಸಿದರು. ಅಪಾಯದಲ್ಲಿದ್ದುದು ಸುಮಾರು 85 ಕೋಟಿ ಡಾಲರ್. ಕಳವಾಗುವ ಮುನ್ನವೇ ಸರಿಪಡಿಸಿ, ಅವರಿಗೆ 20 ಲಕ್ಷ ಡಾಲರ್ ಬಹುಮಾನ ಕೊಟ್ಟರು. ದೋಷ ಹುಡುಕಿದವರಿಗೆ ಹೀಗೆ ಹಣ ಕೊಡುವ ಯೋಜನೆ ಇದೆಯೇ, ಎಷ್ಟು ವರ್ಷದಿಂದ ನಡೆದಿದೆ ಎಂಬುದನ್ನು ನಾನು ಬ್ರಿಡ್ಜಿನ ಜಾಹೀರಾತಿಗಿಂತ ಹೆಚ್ಚು ನಂಬುತ್ತೇನೆ.

ಕದ್ದವರಿಗೂ ಬ್ರಿಡ್ಜ್ ಬೇಕು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಕ್ಸ್‌ಚೇಂಜಿನ ಆಂತರಿಕ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಕದ್ದದ್ದರಲ್ಲಿ ಒಂದು ಭಾಗ ಸೊಲಾನಾ ಚೈನಿನಿಂದ ಬ್ರಿಡ್ಜ್ ಮೂಲಕ ಇಥೀರಿಯಮ್‌ಗೆ ದಾಟಿತು. ಪ್ರಕರಣದ ತನಿಖೆ ನಡೆದದ್ದು ಬೆಂಗಳೂರಿನಲ್ಲಿ. ಕಂಪನಿಯ ಉದ್ಯೋಗಿಯೊಬ್ಬರ ಕಚೇರಿ ಲ್ಯಾಪ್‌ಟಾಪ್ ಮೂಲಕ ಕಳ್ಳರು ಒಳಹೊಕ್ಕರು ಎಂದು ಪೊಲೀಸರು ಹೇಳಿದರು. ಗ್ರಾಹಕರ ಹಣ ಮುಟ್ಟಿಲ್ಲ, ನಷ್ಟ ತನ್ನದೇ ಎಂದು ಕಂಪನಿ ಹೇಳಿತು. ವಜೀರ್‌ಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜಿನ ಗ್ರಾಹಕರಿಗೆ ಆ ಅದೃಷ್ಟ ಇರಲಿಲ್ಲ. 2024ರ ಜುಲೈ 18ರಂದು ಅಲ್ಲಿಂದ 23 ಕೋಟಿ ಡಾಲರಿನಷ್ಟು ಕಳವಾದ ಮೇಲೆ ಒಂದು ವರ್ಷಕ್ಕೂ ಮೀರಿ ಅವರ ಖಾತೆಗಳು ಸ್ತಬ್ಧವಾಗಿದ್ದವು. ಎಕ್ಸ್‌ಚೇಂಜಿನಲ್ಲಿಟ್ಟರೆ ಅವರ ಕೀಲಿ, ಬ್ರಿಡ್ಜಿನಲ್ಲಿಟ್ಟರೆ ಇವರ ಕೀಲಿ, ವಾಲೆಟ್‌ನಲ್ಲಿಟ್ಟರೆ ನಿಮ್ಮ ಕೀಲಿ. ಮೂರರಲ್ಲೂ ಅಪಾಯವಿದೆ, ಆದರೆ ಮೂರನೆಯದನ್ನು ಮಾತ್ರ ನೀವು ಕಾಯಬಲ್ಲಿರಿ.

ಕೆಲವು ಕಡೆ ರಸೀದಿಯ ಗೊಡವೆಯೇ ಇಲ್ಲದ ದಾರಿಯಿದೆ. ಯುಎಸ್‌ಡಿಸಿ ಎಂಬ ಡಾಲರ್ ಟೋಕನ್ ಹೊರಡಿಸುವ ಸರ್ಕಲ್ ಕಂಪನಿ 2023ರಿಂದ ಈಚೆಯ ಟೋಕನ್ ಅನ್ನು ನಾಶಮಾಡಿ ಆಚೆ ಅಸಲಿಯನ್ನೇ ಹೊಸದಾಗಿ ಸೃಷ್ಟಿಸುವ ವ್ಯವಸ್ಥೆ ನಡೆಸುತ್ತಿದೆ. ಅಲ್ಲಿ ನಂಬಬೇಕಾದ್ದು ಹೇಗೂ ನೀವು ನಂಬಿರುವ ಆ ಒಂದು ಕಂಪನಿಯನ್ನೇ.

ದಾಟುವ ಮುಂಚೆ ಇನ್ನೊಂದು ವಿಷಯ, ಹೊಸಬರು ಹೆಚ್ಚಾಗಿ ಎಡವುವುದೇ ಇಲ್ಲಿ. ಪ್ರತಿ ಚೈನಿಗೂ ಶುಲ್ಕ ಕಟ್ಟಲು ಅದು ಒಪ್ಪುವ ನಾಣ್ಯವೇ ಬೇಕು. ಆಚೆ ದಡದಲ್ಲಿ ಆ ನಾಣ್ಯ ಇಲ್ಲದಿದ್ದರೆ ನಿಮ್ಮ ಟೋಕನ್ ಕಣ್ಣೆದುರೇ ಇದ್ದರೂ ಅಲುಗಾಡಿಸಲಾಗದು. ಪಾಲಿಗಾನ್‌ನ ಅಧಿಕೃತ ಬ್ರಿಡ್ಜಿನಿಂದ ಇಥೀರಿಯಮ್‌ಗೆ ಮರಳುವಾಗ ಎರಡು ಹೆಜ್ಜೆ: ಮೊದಲು ಇಲ್ಲಿ ಆದೇಶ, ಕಾದು, ನಂತರ ಅಲ್ಲಿ ಈಥರ್ ಶುಲ್ಕ ಕಟ್ಟಿ ಬಿಡಿಸಿಕೊಳ್ಳುವುದು. ಎರಡರ ನಡುವೆ ನಿಮ್ಮೂರಿನಲ್ಲಿ ದಿನವಿಡೀ ಸಿಗ್ನಲ್ ಇಲ್ಲದಿದ್ದರೂ ತೊಂದರೆಯಿಲ್ಲ, ಮರುದಿನ ಬಿಡಿಸಿಕೊಳ್ಳಬಹುದು. ಇಥೀರಿಯಮ್ ಶುಲ್ಕ ದಟ್ಟಣೆಯ ಹೊತ್ತಿನಲ್ಲಿ ನೂರಾರು ರೂಪಾಯಿ ಮುಟ್ಟುತ್ತದೆ, 2021ರಲ್ಲಿ ಸಾವಿರಾರು ಆಗಿತ್ತು. 25,000ಕ್ಕೆ ಶೇ 3ರಂತೆ ವರ್ಷದ ಪ್ರತಿಫಲವೇ 750 ರೂಪಾಯಿ. ಹೋಗಿ ಬರುವ ಶುಲ್ಕವೇ ಅದನ್ನು ನುಂಗಬಹುದು.

ತೆರಿಗೆಯನ್ನು ಆ ಗೆಳೆಯರು ಹೇಳಿರಲಿಕ್ಕಿಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ರೂಪಾಯಿಗೆ ಮಾರಬೇಕೆಂದೇನಿಲ್ಲ, ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ 10,000 ಗಳಿಸಿ ಇನ್ನೊಂದರಲ್ಲಿ 10,000 ಕಳೆದುಕೊಂಡು ಬರಿಗೈಯಾದವರೂ 3,120 ರೂಪಾಯಿ ಕಟ್ಟಬೇಕು. ಇದು ಸಣ್ಣವರಿಗೆ ಕಠಿಣ ನಿಯಮ ಎಂದೇ ನನ್ನ ಅಭಿಪ್ರಾಯ, ಆದರೂ ಕಾನೂನು ಕಾನೂನೇ. ಶೇ 1ರ ಟಿಡಿಎಸ್ ಅನ್ನು ಭಾರತೀಯ ಎಕ್ಸ್‌ಚೇಂಜ್ ತಾನೇ ಕಳೆದುಕೊಳ್ಳುತ್ತದೆ, ವಿಕೇಂದ್ರೀಕೃತ ವಿನಿಮಯದಲ್ಲಿ ಆ ಕೆಲಸ ಮಾಡಿಕೊಡುವವರು ಯಾರೂ ಇಲ್ಲ. ಪ್ರತಿ ವಹಿವಾಟಿನ ದಿನಾಂಕ, ಬೆಲೆ ಬರೆದಿಡಿ.

ಆದ್ದರಿಂದ ನಿಮ್ಮ 25,000 ರೂಪಾಯಿಯನ್ನು ಆ ಹೊಸ ಚೈನಿಗೆ ಕಳಿಸಬೇಡಿ. ಕಲಿಯುವ ಆಸೆ ಒಳ್ಳೆಯದು, ಅದಕ್ಕೆ 500 ರೂಪಾಯಿ ಸಾಕು: ಪಾಲಿಗಾನ್ ಮೇಲೆಯೇ ಒಂದು ಸಣ್ಣ ವಿನಿಮಯ ಮಾಡಿ, ಅದರ ಜಾಡನ್ನು ಪಾಲಿಗಾನ್‌ಸ್ಕ್ಯಾನ್ ತಾಣದಲ್ಲಿ ಸಾಲು ಸಾಲಾಗಿ ಓದಿ. ಗೆಳೆಯರನ್ನು ಮೂರು ಪ್ರಶ್ನೆ ಕೇಳಿ: ಬ್ರಿಡ್ಜಿಗೆ ಎಷ್ಟು ಕೀಲಿ, ಯಾರ ಬಳಿ? ಶೇ 14 ಯಾರ ಜೇಬಿನಿಂದ ಬರುತ್ತದೆ? ಬೇಕಾದಾಗ ಎಷ್ಟು ದಿನದಲ್ಲಿ ರೂಪಾಯಿಯಾಗಿ ಕೈಗೆ ಬರುತ್ತದೆ? ಅವರು ಕಳಿಸಿದ ಕೊಂಡಿಯಲ್ಲಿ ಈಗಾಗಲೇ ಅನುಮತಿ ಒತ್ತಿದ್ದರೆ, ಪಾಲಿಗಾನ್‌ಸ್ಕ್ಯಾನ್‌ನಲ್ಲಿ ಆ ಅನುಮತಿಯನ್ನು ಇಂದೇ ರದ್ದುಮಾಡಿ. 12 ಪದಗಳನ್ನು ಎಲ್ಲಾದರೂ ತುಂಬಿದ್ದರೆ ರದ್ದತಿ ಸಾಲದು, ಹೊಸ ವಾಲೆಟ್ ತೆರೆದು ಟೋಕನ್ ಪೂರ್ತಿ ಅಲ್ಲಿಗೆ ಸಾಗಿಸಿ. ಹಣ ಹೋಗಿಯೇ ಬಿಟ್ಟಿದ್ದರೆ ಸಿಗ್ನಲ್ ಸಿಗುವ ಕಡೆ ನಿಂತು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ವಹಿವಾಟಿನ ಸಂಖ್ಯೆಗಳೊಂದಿಗೆ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ.